ಐಸ್ ವ್ಯಾಗನ್ನಿನ ಬೆಚ್ಚನೆಯ ಗೋಡೆ

ಷಿಕಾಗೋದ ಕಾರ್ಖಾನೆಯಲ್ಲಿ ಮಾಂಸ ಸಾಗಿಸುವ ರೈಲಿನ ಐಸ್ ವ್ಯಾಗನ್ನುಗಳಿಗೆ ಗೋಡೆ ಕಟ್ಟುವುದು ಪೋಲೆಂಡಿನಿಂದ ವಲಸೆ ಬಂದ ನನ್ನ ಮತ್ತು ಜೊತೆಗಾರ ವಾಲೆಂಟಿಯ ಕೆಲಸ. ಎರಡು ಸಾಲು ಹಲಗೆಗಳ ನಡುವೆ ಕಸಾಯಿಖಾನೆಯಿಂದ ಬಂದ ದನದ ಕೂದಲನ್ನು ಒತ್ತಿ ತುಂಬಿದರೆ ಹೊರಗಿನ ಬಿಸಿ ಒಳಗೆ ಬರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ವ್ಯಾಗನ್ ಮತ್ತೆ ಮತ್ತೆ ವಾಪಸು ಬಂತು. ದಾರಿಯಲ್ಲೇ ಐಸ್ ಕರಗಿ ಮಾಂಸ ಕೆಟ್ಟಿತ್ತು. ಒಳಗೆ ಕೈಯಾಡಿಸಿದರೆ ಗೋಡೆಯ ಒಂದೇ ಕಡೆ, ಹಸುವಿನ ಪಕ್ಕೆಯಷ್ಟು ಅಗಲಕ್ಕೆ, ಬೆಚ್ಚಗಿತ್ತು. ಹಲಗೆ ಬಿಚ್ಚಿದೆವು. ಕೂದಲು ಒಣಗಿತ್ತು, ತಣ್ಣಗಿತ್ತು, ಎಲ್ಲೂ ಸಂದು ಬಿಟ್ಟಿರಲಿಲ್ಲ. ಹೊಸ ಕೂದಲು ತುಂಬಿ ಮುಚ್ಚಿದರೆ ಅದೇ ಜಾಗ ಮತ್ತೆ ಬೆಚ್ಚಗಾಯಿತು.

"ಈ ಸಲ ಇಬ್ರದೂ ಕೆಲಸ ಹೋಯ್ತು ಅಂದ್ಕೋ," ಎಂದ ವಾಲೆಂಟಿ. ಅವನ ಹೆಂಡತಿ ಆಗ ತುಂಬು ಗರ್ಭಿಣಿ.

"ಸುಮ್ನೆ ಮೊಳೆ ಹೊಡಿ ಮಾರಾಯ."

ಅಷ್ಟರಲ್ಲಿ ಮೇಸ್ತ್ರಿ ಕೀನನ್ ಬಂದ. "ಏನ್ರಯ್ಯಾ ಪೋಲೆಂಡಿನ ಮಹಾರಾಜರೇ, ವ್ಯಾಗನ್ ಕಟ್ಟಿದ್ರೋ, ಒಲೆ ಕಟ್ಟಿದ್ರೋ?" ಎನ್ನುತ್ತಾ ಗೋಡೆಗೆ ಅಂಗೈ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಚಕ್ರ ಬಿಚ್ಚಿ ಇದನ್ನ ಅಂಗಳದ ಮೂಲೆಗೆ ಹಾಕಿ. ನಿಮ್ಮ ತಪ್ಪಲ್ಲ ಬಿಡಿ," ಎಂದಷ್ಟೇ ಹೇಳಿ ಹೋದ.

ಈಗ ಚಳಿಗಾಲ. ಆ ಗೋಡೆಯ ಮೇಲೆ ಹಿಮ ನಿಲ್ಲುವುದಿಲ್ಲ. ಮೊದಮೊದಲು ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ದಣಿದ ಮೈಗೆ ಭಯ ಎಷ್ಟು ದಿನ ಇದ್ದೀತು? ಮಧ್ಯಾಹ್ನ ಎಲ್ಲರೂ ಅದಕ್ಕೇ ಬೆನ್ನು ಕೊಟ್ಟು ರೊಟ್ಟಿ ತಿನ್ನುತ್ತೇವೆ. ನಿನ್ನೆ ಹಾಗೆ ಕೂತಿದ್ದಾಗ ಗೋಡೆ, ಉಸಿರು ಬಿಟ್ಟ ಪಕ್ಕೆಯ ಹಾಗೆ, ನಿಧಾನವಾಗಿ ನಮ್ಮ ಬೆನ್ನು ಬಿಟ್ಟು ಹಿಂದೆ ಸರಿಯಿತು. ಸ್ವಲ್ಪ ತಡೆದು, ಮತ್ತೆ ಬಂದು ಆತುಕೊಂಡಿತು.

ಯಾರೂ ಏಳಲಿಲ್ಲ.