ಕಾರಣವಿಲ್ಲದ ನೀರು

ಬಚ್ಚಲಮನೆಯ ಗೋಡೆಗೆ ಅಂಟಿದ್ದ ಅಂಗೈಯಗಲದ ಪೆಟ್ಟಿಗೆ ಹನ್ನೊಂದು ವರ್ಷದ ನೆನಪನ್ನು ಪರದೆಯ ಮೇಲೆ ಬಿಚ್ಚಿಡುತ್ತಿತ್ತು. ಅದರ ಹೆಸರು ಗೃಹಸ್ಮೃತಿ. ನೀರು, ಕರೆಂಟು, ಗ್ಯಾಸು ಮೂರಕ್ಕೂ ಅದೊಂದೇ ಮೀಟರು. ಪೈಪಿನ ಒತ್ತಡದಲ್ಲೋ ತಂತಿಯ ವಿದ್ಯುತ್ತಿನಲ್ಲೋ ಕೂದಲೆಳೆಯಷ್ಟು ಏರಿಳಿತವಾದರೂ ಹಿಡಿದು, ಯಾವ ನಳ ತಿರುಗಿತು, ಕೆಳಗೆ ಬಕೆಟ್ ಇತ್ತೋ ಇಲ್ಲವೋ, ಯಾವ ಯಂತ್ರ ಎಷ್ಟು ಹೊತ್ತು ನಡೆಯಿತು ಎಂದು ಹೇಳಬಲ್ಲದು. ಮನೆ ಮಾರುವವರು ಈ ನೆನಪನ್ನು ಕೊಳ್ಳುವವರ ಎದುರು ಓದಿಸದೆ ಈ ಸಂಪರ್ಕಗಳು ಅವರ ಹೆಸರಿಗೆ ಆಗುತ್ತಿರಲಿಲ್ಲ. ಸೋರುವ ಗೋಡೆಗೆ ಸುಣ್ಣ ಬಳಿದು ಮಾರುವ ಕಾಲ ಮುಗಿದಿತ್ತು.

2058ರ ಆ ಬೆಳಿಗ್ಗೆ ಹುಬ್ಬಳ್ಳಿಯ ಸಾಲುಮನೆಯೊಂದರಲ್ಲಿ ನೀಲಾಂಬಿಕಾ ಹಲ್ಲು ಕಚ್ಚಿ ನಿಂತಿದ್ದಳು. ಗಂಡ ತೀರಿ ಎರಡು ವರ್ಷ. ಈ ಮನೆ ಕೈಬಿಟ್ಟು ಹೋದರೆ ಸಾಕಾಗಿತ್ತು ಅವಳಿಗೆ. ಕೊಳ್ಳುವವನು ಪಕ್ಕದ ಮನೆಯ ಈರಣ್ಣ ಬೆಣಗಿ. ನಡುಗೋಡೆ ಒಡೆದು ಎರಡೂ ಮನೆ ಒಂದು ಮಾಡುವ ಆಸೆ ಅವನದು.

“ನಲವತ್ತೊಂದು ಸಲ ಬಕೆಟ್ ಇಡಲಾರ್ದ ನಳ ಬಿಟ್ಟೈತಿ, ಅರ್ಧರ್ಧ ತಾಸು!” ಈರಣ್ಣ ದನಿ ಏರಿಸಿದ. “ಪೈಪ್ ಒಡದೈತ್ರೀ. ರೇಟ್ ಇಳಸದಿದ್ರ ನಾ ಸಹಿ ಮಾಡಂಗಿಲ್ಲ.”

ಪರದೆಯಲ್ಲಿ ಕೆಂಪಕ್ಷರ ಮಿನುಗುತ್ತಿತ್ತು: ಕಾರಣವಿಲ್ಲದ ಬಳಕೆ. ಕೆಳಗೊಂದು ಖಾಲಿ ಜಾಗ. ತಕರಾರು ಬಂದಿದ್ದರಿಂದ ಯಂತ್ರ ಕಂಡುಹಿಡಿದ ತಬಸ್ಸುಮ್ ಕಿತ್ತೂರ ಅವರೇ ಬಂದಿದ್ದರು.

“ಅಕ್ಕಾರ, ಇಲ್ಲೆ ಏನರ ಕಾರಣ ಬರೀಬೇಕಾಗತೈತ್ರಿ.”

“ನನ್ನ ಬಚ್ಚಲ, ನನ್ನ ನೀರು. ನಿಮಗ್ಯಾಕ ಬೇಕ್ರೀ ಕಾರಣ? ಈ ಮಷೀನ್ ಮಾಡೂಮುಂದ ಒಬ್ಬ ಹೆಂಗಸಿನ್ನರ ಕೇಳಿದ್ರೇನು?”

ತಬಸ್ಸುಮ್ ಮುಖ ಬಿಗಿಯಿತು. ಗೋಡೆ ಒಂದೇ ಆದ್ದರಿಂದ ಸೋರಿಕೆ ಆಚೆ ಬದಿಗೂ ಇರಬಹುದು, ಎರಡೂ ಮೀಟರು ಕೂಡಿಸಿ ನೋಡೋಣವೆಂದರು.

“ನೋಡ್ರಿ, ನೋಡ್ರಿ! ನಮ್ಮನ್ಯಾಗ ಮುಚ್ಚಿಡೂದೇನೂ ಇಲ್ಲ,” ಎಂದ ಈರಣ್ಣ ಧಾರಾಳವಾಗಿ.

ಎರಡು ಗೆರೆಗಳು ಒಂದರ ಕೆಳಗೊಂದು ಮೂಡಿದವು. ಅವನ ಮನೆಯ ನೀರಿನಲ್ಲಿ ದೋಷವಿರಲಿಲ್ಲ. ಆದರೆ ಇವಳ ನಳ ತಿರುಗಿದ ಒಂದು ನಿಮಿಷದೊಳಗೆ ಅವನ ಕರೆಂಟಿನ ಗೆರೆ ಸಣ್ಣಗೆ ಮೇಲೇಳುತ್ತಿತ್ತು. ನಳ ನಿಂತರೆ ಇಳಿಯುತ್ತಿತ್ತು. ನಲವತ್ತೊಂದು ಸಲವೂ ಹಾಗೆಯೇ.

“ಇದೇನ್ರೀ?” ನೀಲಾಂಬಿಕಾ ಕೇಳಿದಳು.

“ಟಿವಿ ದನಿ ಜೋರು ಮಾಡಿದ್ರ ಹಿಂಗ ಏರತೈತ್ರಿ,” ಎಂದು ತಬಸ್ಸುಮ್ ಅಲ್ಲಿಗೇ ನಿಲ್ಲಿಸಿದರು. ಅವರಿಗೆ ಅರ್ಥವಾಗಿತ್ತು.

ನೀಲಾಂಬಿಕಾಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಯಾರಿಗೂ ಕೇಳಿಸಿಲ್ಲವೆಂಬ ಒಂದು ನಂಬಿಕೆಯಿಂದಲೇ ಅವಳು ನಳ ಬಿಟ್ಟ ಪ್ರತಿ ಸಲವೂ ಮರುದಿನ ಬೆಳಿಗ್ಗೆ ಸೆರಗಿನಲ್ಲಿ ಕೆನ್ನೆ ಮರೆಮಾಡಿಕೊಂಡು ಇದೇ ಈರಣ್ಣನ ಎದುರು ನಗುತ್ತ ಹಾದುಹೋಗಿದ್ದಳು.

“ಅಂದ್ರ ನಿಮಗ ಕೇಳಸ್ತಿತ್ತು.”

“ಹಂಗಲ್ಲ ಅಕ್ಕಾ… ಗಂಡಾ ಹೆಂಡ್ತಿ ನಡುವ ನಾವ್ ಹ್ಯಾಂಗ…” ಈರಣ್ಣ ಒಂದು ಹೆಜ್ಜೆ ಹಿಂದೆ ಸರಿದ.

ಅವಳು ಖಾಲಿ ಜಾಗದಲ್ಲಿ ಬೆರಳಿನಿಂದಲೇ ಬರೆದಳು: ಗಂಡ ಹೊಡೆದಾಗ ನಾನು ಅಳುವುದು ಹೊರಗೆ ಕೇಳಬಾರದೆಂದು.

“ಪೈಪ್ ಒಡದಿಲ್ಲ ಅಂತ ನಿಮಗ ಮೊದಲಿಂದೂ ಗೊತ್ತಿತ್ತು. ಮಾಡ್ರಿ ಸಹಿ.”

ಈರಣ್ಣ ತಲೆ ತಗ್ಗಿಸಿ ಸಹಿ ಮಾಡಿದ. ಕೆಂಪಕ್ಷರ ಆರಿತು.

ಇಂದಿನ ನಮ್ಮ ಮೀಟರುಗಳಿಗೆ ಇಷ್ಟು ಜಾಣತನವಿಲ್ಲ, ಅವು ಯೂನಿಟ್ಟು ಮಾತ್ರ ಎಣಿಸುತ್ತವೆ. ಪಕ್ಕದ ಮನೆಯಲ್ಲಿ ನಳ ಸುಮ್ಮನೆ ಹರಿಯುತ್ತಿರುವುದು ಕೇಳಿಸಲು ನಮಗೆ ಯಂತ್ರವೇನೂ ಬೇಕಿಲ್ಲ. ಕೇಳಿಸಿದೊಡನೆ ರಿಮೋಟಿಗೆ ಕೈಹಾಕುತ್ತೇವಲ್ಲ, ಅದನ್ನು ಸದ್ಯಕ್ಕೆ ಯಾರೂ ಬರೆದಿಟ್ಟುಕೊಳ್ಳುತ್ತಿಲ್ಲ.