ಎಡಚರ ಮೌಸ್

ಗಚ್ಚಿಬೌಲಿಯ ನಮ್ಮ ಆಫೀಸಿನ ಕಂಪ್ಯೂಟರುಗಳೆಲ್ಲ ಹೇಗಿರಬೇಕೆಂದು ಸರ್ವರ್‌ನಿಂದಲೇ ನಿಗದಿ ಮಾಡುವುದು ನನ್ನ ಕೆಲಸ. ಗಂಡ ತೀರಿಕೊಂಡ ಮೇಲೆ ಅವರದೇ ಹುದ್ದೆಯನ್ನು ನನಗೆ ಕೊಟ್ಟಿದ್ದರು. ಆ ವಾರ ದಿನಾ ಊಟದ ಹೊತ್ತಿಗೆ ಎಲ್ಲರ ಮೌಸೂ ಎಡಚರ ಮೌಸ್ ಆಗಿಬಿಡುತ್ತಿತ್ತು. ಎಡಗುಂಡಿಯ ಕೆಲಸ ಬಲಕ್ಕೆ, ಬಲದ್ದು ಎಡಕ್ಕೆ. ನಾನು ಸರಿಪಡಿಸುವುದು, ಅದು ಮತ್ತೆ ತಿರುಗುವುದು. ಸಾಕಾಗಿಹೋಗಿತ್ತು.

“ಇಡೀ ಆಫೀಸಿಗೆ ರೊಡ್ಡಗೈ ಹಚ್ಚೀರೇನ್ರಿ ಮೇಡಂ?” ಎಂದರು, ಎಡಗೈಯನ್ನು ಹಾಗೇ ಕರೆಯುವ ಮ್ಯಾನೇಜರ್ ವಿನಾಯಕ. “ಇವತ್ತ ಸರಿ ಆಗಲಿಲ್ಲಂದ್ರ ನಾಳೆ ಬ್ಯಾರೇದವ್ರನ್ನ ತಗೋತೀನಿ ನೋಡ್ರಿ.”

ಸರ್ವರ್ ಕೋಣೆಯ ಬೀಗ ತೆಗೆದು ಕುಳಿತೆ. ಬೀಗದ ಕೈ ನನ್ನಲ್ಲಿ ಮಾತ್ರ ಇತ್ತು. ಎಸಿಗೆ ಕೈ ಮರಗಟ್ಟುತ್ತಿತ್ತು, ಕುರ್ಚಿ ಮಾತ್ರ ಬೆಚ್ಚಗಿತ್ತು. ತೀರಿಹೋದ ನಮ್ಮವರು ಎಡಚರು. ಸಿಟ್ಟಿನಲ್ಲಿ ಬಾಯಿಬಿಟ್ಟೇ ಅಂದೆ: “ರೀ, ಸಾಕ್ ಮಾಡ್ರಿ. ಈ ನೌಕರೀನೂ ಹೋದ್ರ ನಾ ಎಲ್ಲಿಗೆ ಹೋಗ್ಲಿ?”

ನಾನಿನ್ನೂ ಏನನ್ನೂ ಮುಟ್ಟಿರಲಿಲ್ಲ. ಹೊರಗಿನಿಂದ ಯಾರೋ ಕೂಗಿದರು, “ಸರಿ ಆತ್ರಿ ಮೇಡಂ!”

ಆಮೇಲೆ ಯಾರ ಮೌಸೂ ಕೆಟ್ಟಿಲ್ಲ. ನನ್ನ ಮೇಜಿನ ಮೇಲೆ ಮಾತ್ರ, ಸಂಜೆ ಬಲಗಡೆ ಇಟ್ಟು ಹೋದದ್ದು ಬೆಳಿಗ್ಗೆ ಕೀಬೋರ್ಡಿನ ಎಡಕ್ಕಿರುತ್ತದೆ.