ಕಲ್ಲಾದ ಬೇರಿನ ಕೊನೆಯ ಚೂರು

"ನೀನಾ...?!"

ಪ್ರಯೋಗಾಲಯದಲ್ಲಿ ಕಲ್ಲು ಉಜ್ಜುವ ಸಾಣೆಯ ಮುಂದೆ ಕೂತಿದ್ದವಳ ಕೈ ಹಾಗೇ ನಿಂತಿತು. ಬಾಗಿಲಲ್ಲಿ ಅವನು! ಎರಡು ವರ್ಷದ ಹಿಂದೆ ಅವಳ ಕೈ ಹಿಡಿಯಬೇಕಿದ್ದವನು. ಭೂವಿಜ್ಞಾನಿಗಳ ತುಂಬಿದ ಸಭೆಯಲ್ಲಿ ಅವಳ ಅಪ್ಪನ ಮಾನ ಹರಾಜು ಹಾಕಿದವನು.

ಅಪ್ಪ ಕಲ್ಲಾದ ಮರಗಳನ್ನು ಹುಡುಕುತ್ತಲೇ ತಲೆ ನರೆಸಿಕೊಂಡವರು. ಹೂಳಿನಡಿ ಸಿಕ್ಕಿಬಿದ್ದ ಮರದೊಳಕ್ಕೆ ಖನಿಜದ ನೀರು ಇಳಿದಿಳಿದು ಮರವೇ ಕಲ್ಲಾಗುತ್ತದೆ. ಆದರೆ ಅದರ ಒಂದೊಂದು ರಂಧ್ರವೂ ಹಾಗೇ ಉಳಿಯುತ್ತದೆ. ತಮಗೆ ಸಿಕ್ಕ ಬೇರೊಂದನ್ನು ತೋರಿಸಿ, "ಈ ಒಣನೆಲ ಒಂದು ಕಾಲಕ್ಕೆ ಜೌಗಾಗಿತ್ತು. ಇದು ನೀರಲ್ಲಿ ನಿಂತಿದ್ದ ಮರ" ಎಂದಿದ್ದರು ಅಪ್ಪ. ಭೂವಿಜ್ಞಾನಿ ಭಾವೀ ಅಳಿಯ ಎದ್ದು, "ಇದು ಬರೀ ಕಲ್ಲು" ಎಂದುಬಿಟ್ಟ. ಸಭೆ ಗೊಳ್ಳೆಂದು ನಕ್ಕಿತು. ಬೇರನ್ನು ಯಾರೋ ಅಲ್ಲೇ ಕಟ್ಟುತ್ತಿದ್ದ ಕಟ್ಟಡದ ಪಾಯಕ್ಕೆ ಹಾಕಿದರು. ಅಪ್ಪ ಅಂದಿನಿಂದ ಹೊಸಿಲು ದಾಟಿಲ್ಲ.

ಈಗ ಅವನು ಒಳಗೆ ಬಂದು ಕಲ್ಲಿನ ಚೂರೊಂದನ್ನು ಅವಳ ಮುಂದಿಟ್ಟ. "ಈ ಚೂರನ್ನ ತೆಳ್ಳಗೆ ಸಾಣೆ ಹಿಡಿದು ಕೊಡ್ತೀಯಾ? ನಾಳೆ ಸಭೇಲಿ ತೋರಿಸಬೇಕು."

"ಎಲ್ಲಿಯದು?"

"ಮೊದಲು ನೀನೇ ನೋಡು. ಆಮೇಲೆ ಹೇಳ್ತೀನಿ. ಹುಷಾರು, ಇರೋದು ಇದೊಂದೇ."

ಇದೊಂದೇನಾ...? ನೀನಾಗೇ ಬಂದು ಬಲೆಗೆ ಬಿದ್ದೆಯಲ್ಲೋ! ನಾಳೆ ಬರಿಗೈಲಿ ನಿಲ್ಲು, ನಮ್ಮಪ್ಪ ನಿಂತ ಹಾಗೆ!

ಅವನಿಗೆ ಬೆನ್ನು ಮಾಡಿ ಕೂತು ಚೂರನ್ನು ಗಾಜಿಗೆ ಅಂಟಿಸಿದಳು. ಬೆಳಕು ಹಾಯುವಷ್ಟು ತೆಳ್ಳಗಾದ ಕೂಡಲೇ ಉಜ್ಜುವುದನ್ನು ನಿಲ್ಲಿಸಬೇಕು. ಅವಳು ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ ಉಜ್ಜಿದಳು... ಉಜ್ಜಿದಳು... ಕಲ್ಲು ಕೆಸರಾಗಿ ನೀರಿನ ಜೊತೆ ಹರಿದುಹೋಯಿತು. ಗಾಜನ್ನು ಅವನ ಮುಂದೆ ಕುಕ್ಕಿದಳು.

"ತಗೋ. ಬರೀ ಗಾಜು!"

ಅವನ ಮುಖ ಬಿಳಿಚಿಕೊಂಡಿತು. ಕೂಗಾಡುತ್ತಾನೆಂದು ಕಾದಳು. ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ಅದು ಮಾವನ ಬೇರಿನದ್ದು ಕಣೇ... ಪಾಯದ ಮಣ್ಣೆಲ್ಲ ಜಾಲಾಡಿ ಹುಡುಕಿದೆ. ಭೂತಗನ್ನಡೀಲಿ ಗಾಳಿಗೂಡುಗಳು ಕಂಡ್ವು. ನೀರಲ್ಲಿರೋ ಬೇರಿಗೆ ಉಸಿರಾಡೋಕೆ ಇರ್ತವಲ್ಲ, ಅವೇ. ಮಾವ ಹೇಳಿದ್ದೇ ಸರಿ. ನಾನು ಆವತ್ತು ಸರಿಯಾಗಿ ನೋಡದೇನೇ ಬಾಯಿ ಬಿಟ್ಟೆ."

ಅಯ್ಯೋ... ಅಪ್ಪನ ಮಾನ ಉಳಿಸುವ ಒಂದೇ ಸಾಕ್ಷಿಯನ್ನು ಕೈಯಾರೆ ಅರೆದುಬಿಟ್ಟೆನಲ್ಲ!

"ಮೊದಲೇ ಹೇಳೋಕೇನಾಗಿತ್ತು ನಿಂಗೆ?" ಅವನ ಎದೆಗೆ ಗುದ್ದಿದಳು.

"ನನ್ನ ಮಾತು ನಂಬ್ತಿದ್ಯಾ? ನೀನೇ ಕಣ್ಣಾರೆ ನೋಡ್ಬೇಕು ಅಂತಿದ್ದೆ."

"ಈಗೇನ್ಮಾಡ್ತೀಯ...?"

"ಅದೇ ಸಭೇಲಿ ನಿಂತು, ಮಾವ ಸರಿ, ನಾನು ತಪ್ಪು ಅಂತೀನಿ. ಸಾಕ್ಷಿ ಕೇಳಿದ್ರೆ ಇಲ್ಲ ಅಂತೀನಿ. ನಗಲಿ. ಮಾವನಿಗೆ ಹೇಗಾಗಿತ್ತು ಅಂತ ನಂಗೂ ಗೊತ್ತಾಗ್ಲಿ."

"ನಾನು ಹಾಳು ಮಾಡ್ದೆ ಅಂತ ಹೇಳಲ್ವಾ?"

"ಅದನ್ನ ಯಾಕೆ ಹೇಳ್ಲಿ?"

ಇವನು ನಾಲ್ಕು ಜನರೆದುರು ನಗೆಪಾಟಲಾಗಲಿ ಎಂದು ಎರಡು ವರ್ಷ ಹರಕೆ ಹೊತ್ತಂತೆ ಕಾದಿದ್ದಳು. ಈಗ ಆ ಗಳಿಗೆ ಬಂದಾಗ ಅವಳಿಗೇ ಸಹಿಸಲಾಗಲಿಲ್ಲ. ದ್ವೇಷಿಸಿದ್ದು ನಿಜ. ಆ ದ್ವೇಷದ ಅಡಿಯಲ್ಲಿ ಒಂದು ದಿನವೂ ಅವನನ್ನು ಮರೆಯದಿದ್ದುದೂ ನಿಜ.

"ನಾನೂ ಬರ್ತೀನಿ. ಅರೆದವಳು ನಾನೇ ಅಂತೀನಿ."

"ನಿನ್ನ ಕೆಲಸ ಹೋಗುತ್ತೆ ಕಣೇ!"

"ಹೋಗ್ಲಿ. ನಗೋರು ಇಬ್ಬರನ್ನೂ ನೋಡಿ ನಗಲಿ."

ಕೆಸರು ಮೆತ್ತಿದ ಅವಳ ಕೈಯನ್ನು ಅವನು ಮೆಲ್ಲಗೆ ಹಿಡಿದುಕೊಂಡ. "ಹಾಗಾದ್ರೆ... ಕ್ಷಮಿಸಿದ್ಯಾ?"

"ನಾನು ಯಾವತ್ತೋ..." ಎದ್ದು ದೀಪ ಆರಿಸಿದಳು. "ಮೊದಲು ಅಪ್ಪನ ಹತ್ರ ನಡಿ. ಬಾಗಿಲು ತೆಗೆಯೋವರೆಗೂ ಮಾವ, ಮಾವ ಅಂತ ಕೂಗ್ತಾ ನಿಂತಿರು."

"ತೆಗೀದಿದ್ರೆ?"

"ನಾನೂ ಹೊರಗೇ ಇರ್ತೀನಿ... ನಿನ್ನ ಪಕ್ಕ."